ಡೇರೆ ಮಾಸ್ತರರ ಮಷೀನು

ಬೀದಿಯವರು ಅವಳನ್ನು ಚೀಲದಕ್ಕ ಎಂದು ಕರೆಯುತ್ತಿದ್ದುದು ಅವಳು ಮಕ್ಕಳ ಶಾಲೆಯ ಚೀಲ ಹೊಲಿಯುತ್ತಿದ್ದಳೆಂದು. ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಗೆ ಒತ್ತಿದಂತೆ ಮಷೀನು ಇಟ್ಟುಕೊಂಡು ಬೆಳಗಿನ ಕೆಲಸ ಮುಗಿದೊಡನೆ ಕೂತರೆ, ಗಂಡ ಊಟಕ್ಕೆ ಬರುವತನಕ ಏಳುತ್ತಿರಲಿಲ್ಲ. ಅವಳ ಕೈಯ ಚೀಲ ಹರಿಯುವುದರೊಳಗೆ ಮಗುವಿಗೆ ಮೀಸೆ ಬಂದಿರುತ್ತದೆ ಎಂದು ತಾಯಂದಿರು ನಗುತ್ತಿದ್ದರು.

ಗಂಡ ಬಾಡಿಗೆಗೆ ಸಾಮಾನು ಸಾಗಿಸುವ ಸಣ್ಣ ಲಾರಿ ಓಡಿಸುತ್ತಿದ್ದ. ಒಂದು ಸಲ ಲಾರಿಯ ಮೇಲಿನ ಟಾರ್ಪಾಲು ಗಾಳಿಗೆ ಉದ್ದಕ್ಕೆ ಸೀಳಿತು. ಚೀಲದಕ್ಕ ಹಟ ಹಿಡಿದು ಅದನ್ನು ತನ್ನ ಮಷೀನಿನಲ್ಲೇ ಹೊಲಿದುಕೊಟ್ಟಳು. ಸೂಜಿಗಳು ಮುರಿದವು, ಮೋಟಾರಿನಿಂದ ಸುಟ್ಟ ವಾಸನೆ ಬಂತು, ಆದರೆ ಹೊಲಿಗೆ ನಿಂತಿತು. ಲಾರಿ ನಿಲ್ದಾಣದಲ್ಲಿ ಉಳಿದವರು ಅದನ್ನು ಮುಟ್ಟಿ ನೋಡಿ, "ನಮ್ಮದೂ ಹೊಲಿಸಿಕೊಡಪ್ಪ" ಎಂದು ಗಂಡನಿಗೆ ದುಂಬಾಲು ಬಿದ್ದರು. ಕೆಲಸ ತಾನಾಗಿ ಮನೆ ಬಾಗಿಲಿಗೆ ಬಂದಿತ್ತು. ಅದನ್ನು ಮಾಡುವ ಮಷೀನು ಮಾತ್ರ ಇರಲಿಲ್ಲ.

"ಹೊಸದು ಯಾಕಕ್ಕ?" ಎಂದ ಮಷೀನು ರಿಪೇರಿಯವನು. ಉಗುರಿನ ಕಪ್ಪು ಯಾವತ್ತೂ ಹೋಗದ ಅವನನ್ನು ಎಲ್ಲರೂ ಗ್ರೀಸಣ್ಣ ಎನ್ನುತ್ತಿದ್ದರು. "ಹಳೇದು ಹುಡುಕು. ಒಳಗೆಲ್ಲ ಕಬ್ಬಿಣ. ಆದ್ರೆ ತೂಕ ಇದೆ ಅಂದ ಮಾತ್ರಕ್ಕೆ ದಪ್ಪ ಬಟ್ಟೆ ಹೊಲಿಯುತ್ತೆ ಅಂತಲ್ಲ. ನನ್ನ ಮಾವನೂ ತೂಕದ ಮನುಷ್ಯನೇ, ಒಂದು ಕೊಡ ನೀರು ಎತ್ತಲ್ಲ."

"ಮತ್ತೆ ಏನು ನೋಡಬೇಕು?"

"ಬಟ್ಟೆ ಒತ್ತಿ ಹಿಡಿಯೋ ಪಾದ ಎಷ್ಟು ಮೇಲೇಳುತ್ತೆ ನೋಡು. ಚಕ್ರ ಕೈಯಲ್ಲೇ ತಿರುಗಿಸು, ಎಲ್ಲಾದ್ರೂ ತಡೆದ್ರೆ ಬೇಡ ಅಂತ ಬಂದುಬಿಡು. ಮತ್ತೆ ನಿನ್ನ ಬಟ್ಟೆ, ನಿನ್ನ ದಾರ ತಗೊಂಡು ಹೋಗು. ಅವರು ಕೊಡೋ ತುಂಡಿನ ಮೇಲೆ ಎಂಥಾ ಮಷೀನಾದ್ರೂ ಕುಣಿಯುತ್ತೆ."

ಚೀಲದಕ್ಕ ಕ್ಯಾನ್ವಾಸಿನ ತುಂಡೊಂದನ್ನು ಮಡಿಸಿ ಕೈಚೀಲಕ್ಕೆ ಹಾಕಿಕೊಂಡು ಹೊರಟಳು.

ಮೊದಲು ನೋಡಿದ್ದು ಹಳೆಯ ಸಾಮಾನಿನ ಅಂಗಡಿಯಲ್ಲಿ. ಕರಿ ಮೈ, ಅದರ ಮೇಲೆ ಬಂಗಾರದ ಬಣ್ಣದ ಬಳ್ಳಿ, ಕೆತ್ತನೆಯ ಮರದ ಮೇಜು. ನೋಡಿದೊಡನೆ ಅವಳಿಗೆ ಅದರ ಮೇಲೆ ಮನಸ್ಸಾಯಿತು. ಆದರೆ ಕ್ಯಾನ್ವಾಸನ್ನು ನಾಲ್ಕು ಮಡಿಕೆ ಮಾಡಿದರೆ ಪಾದದ ಕೆಳಗೆ ತೂರಲೇ ಇಲ್ಲ. ಅಂಗಡಿಯವನು ಒತ್ತಿ ತೂರಿಸಿದ. ಸೂಜಿ ಬಾಗಿತು. "ಮಷೀನು ಸರಿಯಾಗೇ ಇದೆ. ಹೊಲಿಯೋರಿಗೆ ಬರಬೇಕಲ್ಲ" ಎಂದು ಅವನು ಅಲ್ಲಿದ್ದವರ ಕಡೆ ತಿರುಗಿ ಕಣ್ಣು ಮಿಟುಕಿಸಿದ. ಅವರು ನಕ್ಕರು. ಚೀಲದಕ್ಕ ಕಿವಿ ಬಿಸಿಯಾಗಿ ಹೊರಬಂದಳು.

ಎರಡನೆಯದು ಚಪ್ಪಲಿ ರಿಪೇರಿಯವನೊಬ್ಬ ಮಾರುತ್ತಿದ್ದ ಉದ್ದ ಮೂತಿಯ ಮಷೀನು. ಚರ್ಮವನ್ನೂ ಚುಚ್ಚುತ್ತಿತ್ತು. ಆದರೆ ಕೆಳಗಿನ ದಾರ ಸುತ್ತುವ ಬಾಬಿನ್ನು ಗುಬ್ಬಿಯ ಕಣ್ಣಿನಷ್ಟು. ಟಾರ್ಪಾಲಿನ ಒಂದು ಅಂಚು ಮುಗಿಯುವುದರೊಳಗೆ ಹತ್ತು ಸಲ ದಾರ ಸುತ್ತಬೇಕು. ಜೊತೆಗೆ ಕೆಳಗೆ ಬೆರಳಾಡಿಸಿದಾಗ ಬಿರುಕೊಂದು ಸಿಕ್ಕಿತು. ಅದರ ಮೇಲೆ ಹೊಸದಾಗಿ ಬಣ್ಣ ಬಳಿದಿದ್ದರು. "ಅಯ್ಯೋ, ನಾನು ನೋಡೇ ಇರಲಿಲ್ಲ" ಎಂದ ಮಾರುವವನು, ಬೆರಳಿನಲ್ಲಿ ಅದೇ ಬಣ್ಣ ಇಟ್ಟುಕೊಂಡು.

ಆ ಸಂಜೆ ಗಂಡ ಸ್ನೇಹಿತರ ಮುಂದೆ, "ನಮ್ಮವಳ ಕಣ್ಣಿಗೆ ಮಣ್ಣೆರಚೋನು ಇನ್ನೂ ಹುಟ್ಟಿಲ್ಲ" ಎಂದು ಬೀಗಿದ. ಚೀಲದಕ್ಕನಿಗೂ ಹಾಗೇ ಅನಿಸಿತು. ಲೋಕದಲ್ಲಿ ಎಲ್ಲರೂ ಟೋಪಿ ಹಾಕಲು ಕೂತಿದ್ದಾರೆ, ತಾನು ಅವರಿಗಿಂತ ಒಂದು ಕೈ ಮೇಲಿರಬೇಕು ಎಂದುಕೊಂಡಳು.

ಮೂರನೆಯದನ್ನು ಗ್ರೀಸಣ್ಣನೇ ಹೇಳಿದ್ದ. ಊರಿನ ಆಚೆ ತುದಿಯಲ್ಲಿ ಡೇರೆ ಮಾಸ್ತರರು ಎಂಬ ಹಳಬರೊಬ್ಬರಿದ್ದರು. ಜಾತ್ರೆಯಿಂದ ಹಿಡಿದು ಸರ್ಕಸ್ಸಿನವರೆಗೆ ಎಲ್ಲರ ಡೇರೆಯನ್ನೂ ಹೊಲಿದವರು. ಅವರು ತೀರಿಹೋಗಿ ವರ್ಷ ಕಳೆದಿತ್ತು. ಹೆಂಡತಿ ಈಗ ಮಷೀನು ಕೊಡಲು ಮನಸ್ಸು ಮಾಡಿದ್ದರಂತೆ.

ಆಕೆ ಎಪ್ಪತ್ತು ದಾಟಿದ, ಸಣ್ಣ ಮೈಯ, ಚುರುಕು ನಡಿಗೆಯ ಹೆಂಗಸು. ಮನೆಯ ಹಿಂದಿನ ತಗಡಿನ ಶೆಡ್ಡಿನ ಬೀಗ ತೆಗೆದು ಒಳಗೆ ಕರೆದೊಯ್ದರು. ಮಷೀನಿನ ಮೇಲೆ ಇಸ್ತ್ರಿ ಮಾಡಿದ ಹೊದಿಕೆ ಇತ್ತು.

"ಮಷೀನಿನ ಹೊದಿಕೆಗೂ ಇಸ್ತ್ರಿ ಮಾಡ್ತೀರಾ ಅಮ್ಮಾ?"

"ಅವರಿದ್ದಾಗ ಅವರ ಅಂಗಿಗೆ ಮಾಡ್ತಿದ್ದೆ. ಈಗ ಕೈ ಸುಮ್ಮನಿರಬೇಕಲ್ಲ" ಎಂದು ಆಕೆ ನಕ್ಕು ಹೊದಿಕೆ ಎತ್ತಿದರು.

ನೋಡಲು ಏನೂ ಚೆಂದವಿರಲಿಲ್ಲ. ಬೂದು ಬಣ್ಣ ಅಲ್ಲಲ್ಲಿ ಎದ್ದು ಕಬ್ಬಿಣ ಕಾಣುತ್ತಿತ್ತು. ಮಾಸ್ತರರ ಅಂಗೈ ಒರಗುತ್ತಿದ್ದ ಜಾಗ ಕನ್ನಡಿಯ ಹಾಗೆ ನುಣುಪಾಗಿತ್ತು. ಚೀಲದಕ್ಕ ಚಕ್ರಕ್ಕೆ ಕೈ ಹಚ್ಚಿದಳು. ನೀರಿನಲ್ಲಿ ಕೈಯಾಡಿಸಿದಷ್ಟು ಹಗುರಾಗಿ ತಿರುಗಿತು. ಪಾದ ಎತ್ತಿದರೆ ಹೆಬ್ಬೆರಳು ತೂರುವಷ್ಟು ಜಾಗ. ಕ್ಯಾನ್ವಾಸನ್ನು ನಾಲ್ಕು ಮಡಿಕೆ ಇಟ್ಟಳು, ಎಳೆದುಕೊಂಡು ಹೋಯಿತು. ಎಂಟು ಮಡಿಕೆ ಮಾಡಿದಳು. ಮೇಲಿನ ಪಾದವೂ ಬಟ್ಟೆ ತಳ್ಳುವ ಕೆಳಗಿನ ಹಲ್ಲೂ ಒಟ್ಟಿಗೆ ಹೆಜ್ಜೆ ಹಾಕುವ ಮಷೀನು ಅದು. ಎಂಟು ಮಡಿಕೆಯನ್ನೂ ಒಂದು ಗೆರೆ ಸೊಟ್ಟಗಾಗದೆ ದಾಟಿಸಿತು. ಮಗುವನ್ನು ಕೈ ಹಿಡಿದು ರಸ್ತೆ ದಾಟಿಸಿದ ಹಾಗೆ. ಹುಡುಕುತ್ತಿದ್ದುದು ಇದೇ ಎಂದು ಅವಳ ಕೈಗೆ ಗೊತ್ತಾಗಿ ಹೋಯಿತು.

ಬೆಲೆ ಕೇಳಿದಳು. ಆಕೆ ಹೇಳಿದ್ದು ನ್ಯಾಯವಾದದ್ದೇ. ಸ್ವಲ್ಪ ಕಷ್ಟಪಟ್ಟರೆ ಕೊಡಬಹುದಾಗಿತ್ತು ಕೂಡ.

"ಇರು, ಬಿಸಿಲಲ್ಲಿ ಬಂದಿದ್ದೀಯ. ನೀರು ತರ್ತೀನಿ" ಎಂದು ಆಕೆ ಮನೆಯೊಳಗೆ ಹೋದರು.

ಶೆಡ್ಡಿನಲ್ಲಿ ಚೀಲದಕ್ಕ ಒಬ್ಬಳೇ ಉಳಿದಳು. ಕೇಳಿದಷ್ಟನ್ನೂ ಕೊಟ್ಟು ಹೊತ್ತುಕೊಂಡು ಹೋದರೆ ತಾನೆಂಥ ಜಾಣೆ ಎನಿಸಿತು. ಗುಂಡು ಬುಡದ, ಯಾವ ಕಡೆಗೆ ಬೇಕಾದರೂ ತಿರುಗುವ ಸೂಜಿ ಹಾಕುವ ಮಷೀನು ಅದು. ಅಂಥ ಸೂಜಿಯನ್ನು ಕೂದಲೆಳೆಯಷ್ಟು ತಿರುಗಿಸಿದರೂ ಸಾಕು, ಕೆಳಗಿನ ದಾರ ಸಿಕ್ಕದೆ ಹೊಲಿಗೆ ಬಿಟ್ಟು ಬಿಟ್ಟು ಬರುತ್ತದೆ. ಅವಳು ಸ್ಕ್ರೂ ಸಡಿಲಿಸಿ, ಸೂಜಿಯನ್ನು ಸ್ವಲ್ಪವೇ ತಿರುಗಿಸಿ, ಮತ್ತೆ ಬಿಗಿ ಮಾಡಿದಳು. ಎರಡು ಉಸಿರಿನ ಕೆಲಸ.

ನೀರು ಕುಡಿದು ಲೋಟ ಕೆಳಗಿಟ್ಟು, "ಇನ್ನೊಂದು ಸಲ ನೋಡಿಬಿಡ್ತೀನಿ ಅಮ್ಮಾ" ಎಂದು ಹೊಲಿದಳು. ಒಂದು ಹೊಲಿಗೆ ಬಿತ್ತು, ಎರಡು ಬಿಟ್ಟಿತು. ಆಮೇಲೆ ಬೆರಳುದ್ದಕ್ಕೆ ದಾರ ಸುಮ್ಮನೆ ಮೇಲೆ ಮಲಗಿತು.

"ನೋಡಿದ್ರಾ? ಹೊಲಿಗೆ ಬಿಡ್ತಿದೆ" ಎಂದಳು ಚೀಲದಕ್ಕ. "ಒಳಗೆ ಸವೆದಿದೆ ಅಮ್ಮಾ. ಇವತ್ತು ನಿನ್ನೆಯದಲ್ಲ, ಬಹಳ ವರ್ಷದ ಸವೆತ ಇದು."

ಆಕೆ ಚೌಕಾಸಿಗೆ ಇಳಿಯುತ್ತಾರೆ, ತಾನೂ ಎರಡು ಮಾತಾಡಬಹುದು ಎಂದುಕೊಂಡಿದ್ದಳು. ಆದರೆ ಆಕೆ ಬಗ್ಗಿ ಆ ಹೊಲಿಗೆಯ ಮೇಲೆ ಬೆರಳಾಡಿಸಿದರು. ಒಂದು ತುದಿ ಹಿಡಿದು ಎಳೆದರು, ದಾರ ಸರ್ರನೆ ಬಿಚ್ಚಿಕೊಂಡು ಬಂತು.

"ಬಹಳ ವರ್ಷದ್ದಾ?"

"ಹೂಂ ಅಮ್ಮಾ."

ಆಕೆ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತರು. "ಹಾಗಾದ್ರೆ ಅವರು ಹೇಳಿದ್ದೇ ನಿಜ" ಎಂದರು, ತಮಗೆ ತಾವೇ ಎಂಬಂತೆ.

"ಯಾರು ಅಮ್ಮಾ?"

"ಎಲ್ಲರೂ. ಬಹಳ ವರ್ಷದ ಹಿಂದೆ ಇವರು ಹೊಲಿದ ದೊಡ್ಡ ಡೇರೆ ಗಾಳಿಗೆ ಕಿತ್ತು ಬಿತ್ತು. ಕಂಬ ಹಿಡಿದಿದ್ದ ಹುಡುಗನ ಕಾಲು ಮುರೀತು. ಸರಿಹೋಗಲೇ ಇಲ್ಲ. ಮಾಸ್ತರರ ಹೊಲಿಗೆ ಬಿಟ್ಟಿದೆ ಅಂತ ಊರೆಲ್ಲ ಹೇಳ್ತು. ಇವರು ಒಂದೇ ಮಾತು, ನನ್ನ ಮಷೀನು ಹೊಲಿಗೆ ಬಿಡಲ್ಲ, ಹಗ್ಗ ಕಟ್ಟಿದ್ದು ಸರಿ ಇರಲಿಲ್ಲ ಅಂತ. ನಂಬಿದ್ದು ನಾನೊಬ್ಬಳೇ. ಬೀದಿಯಲ್ಲಿ ನಿಂತು ಎಲ್ಲರ ಹತ್ರ ಜಗಳ ಆಡಿದೆ. ಆ ಹುಡುಗನ ತಾಯಿಗೂ ಬಾಯಿಗೆ ಬಂದಂತೆ ಅಂದೆ."

ಚೀಲದಕ್ಕನ ಕಣ್ಣು ಸೂಜಿಯ ಸ್ಕ್ರೂ ಮೇಲೆ ಹೋಯಿತು. ಬಾಯಿ ತೆರೆಯಬೇಕಾದ ಗಳಿಗೆ ಅದೇ. ಸ್ಕ್ರೂ ಸಡಿಲಿಸಿ, ನಕ್ಕು, ನನ್ನ ತಪ್ಪು ಅಮ್ಮಾ, ಸೂಜಿ ತಿರುಗಿದೆ ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ಮಾತು ಹೇಳುವಾಗ ತನ್ನ ಮುಖ ಹೇಗೆ ಕಾಣಬಹುದು ಎಂದು ಯೋಚಿಸುತ್ತ ನಿಂತಳು. ಅಷ್ಟರಲ್ಲಿ ಆಕೆ ಎದ್ದುನಿಂತು, "ನಿನಗೆ ತೋಚಿದ್ದು ಕೊಟ್ಟು ತಗೊಂಡು ಹೋಗಮ್ಮ. ಇದನ್ನ ಕಣ್ಣೆದುರು ಇಟ್ಟುಕೊಳ್ಳೋಕೆ ಆಗಲ್ಲ" ಎಂದರು.

ಹೇಳಿದ ಬೆಲೆಯ ಅರ್ಧಕ್ಕೆ ಮಷೀನು ಅವಳದಾಯಿತು. ಗಂಡ ಇಬ್ಬರನ್ನು ಕರೆತಂದು ಲಾರಿಗೆ ಏರಿಸಿದ. ಆಕೆ ಹೊದಿಕೆಯನ್ನೂ ಕೊಟ್ಟರು.

ಮನೆಗೆ ಬಂದು ಸೂಜಿಯನ್ನು ಸರಿಯಾಗಿ ಕೂರಿಸಿದಳು. ಮಷೀನು ದಿನವಿಡೀ ಓಡಿದರೂ ಒಂದು ಹೊಲಿಗೆ ಬಿಡಲಿಲ್ಲ. ಟಾರ್ಪಾಲು, ಅಂಗಡಿಯ ಮುಂದಿನ ಮರೆಬಟ್ಟೆ, ಲಾರಿಯ ಸೀಟು, ಯಾವುದನ್ನು ಕೊಟ್ಟರೂ ಹೂಂ ಎನ್ನುತ್ತಿತ್ತು. ಗ್ರೀಸಣ್ಣ ಬಂದು ನೋಡಿ, "ಇದನ್ನ ಇಷ್ಟಕ್ಕೆ ಕೊಟ್ಟರಾ? ನೀನು ಬಿಡಕ್ಕ, ಕಲ್ಲಿನಿಂದಲೂ ಹಾಲು ಕರೀತೀಯ" ಎಂದು ಹೊಗಳಿದ. ಅವಳು ಮುಖ ತಿರುಗಿಸಿಕೊಂಡು ದಾರ ಹುಡುಕುವವಳಂತೆ ಡಬ್ಬಿ ಕೆದಕಿದಳು. ಆಮೇಲೆ ಯಾರು ಹೊಗಳಿದರೂ ಹಾಗೇ ಆಗುತ್ತಿತ್ತು. ಅಂಗೈ ಒರಗಿಸುವ ಆ ನುಣುಪು ಜಾಗವನ್ನು ತಪ್ಪಿಸಿ, ಕೈಯನ್ನು ಒಂಥರಾ ಎತ್ತಿ ಹಿಡಿದು ಹೊಲಿಯುವುದು ಅವಳಿಗೆ ಅಭ್ಯಾಸವಾಯಿತು. ಹೆಗಲು ನೋಯುತ್ತಿತ್ತು.

ಒಂದು ಮಧ್ಯಾಹ್ನ ಊಟಕ್ಕೆ ಬಂದ ಗಂಡ ಕೈ ತೊಳೆಯುತ್ತಲೇ ಶುರು ಮಾಡಿದ. "ಇವತ್ತು ನಿಲ್ದಾಣದಲ್ಲಿ ಏನಾಯ್ತು ಗೊತ್ತಾ? ನಮ್ಮ ಕಾವಲಣ್ಣ ಇದ್ದಾನಲ್ಲ, ಗೇಟಲ್ಲಿ ಕೂರ್ತಾನಲ್ಲ, ಕಾಲು ಎಳೆದು ನಡೀತಾನೆ..."

"ಹೂಂ."

"ಅವನ ಕಾಲು ಮುರಿದದ್ದು ಮಾಸ್ತರರ ಡೇರೆ ಬಿದ್ದೇ ಅಂತೆ. ಇವತ್ತು ಆ ಅಮ್ಮ ಬಂದಿದ್ರು, ನೀನು ಮಷೀನು ತಂದೆಯಲ್ಲ, ಅವರೇ. ಎಲ್ಲರ ಮುಂದೆ ಅವನ ಹತ್ರ ನಿಂತು, ನಮ್ಮವರದೇ ತಪ್ಪು, ಮಷೀನು ಕೆಟ್ಟಿತ್ತು, ಈಗ ಗೊತ್ತಾಯ್ತು, ನಾನು ನಿಮ್ಮ ತಾಯಿಗೆ ಆಡಬಾರದ ಮಾತು ಆಡಿದ್ದೆ, ಮನ್ನಿಸಿ ಅಂದ್ರು. ಅಷ್ಟು ವಯಸ್ಸಾದೋರು. ನಮಗೇ ತಲೆ ಎತ್ತೋಕಾಗಲಿಲ್ಲ."

ಚೀಲದಕ್ಕ ಬಡಿಸುತ್ತಿದ್ದ ಸೌಟು ತಟ್ಟೆಯ ಮೇಲೇ ನಿಂತಿತು. ಭೂಮಿ ಬಾಯಿ ಬಿಡಬಾರದೇ ಎನಿಸಿತು ಅವಳಿಗೆ. ಗಂಡ ಮುಂದೆ ಏನೇನೋ ಹೇಳುತ್ತಿದ್ದ. ಅವಳು ನಡುವೆಯೇ, "ಮಷೀನು ಕೆಟ್ಟಿರಲಿಲ್ಲ. ಸೂಜಿ ತಿರುಗಿಸಿದ್ದು ನಾನು" ಎಂದಳು.

ಎಲ್ಲವನ್ನೂ ಹೇಳಿ ಮುಗಿಸಿದಾಗ ಗಂಡ ತಟ್ಟೆಯ ಅಂಚನ್ನೇ ನೋಡುತ್ತಿದ್ದ. "ಯಾರಿಗೂ ಗೊತ್ತಿಲ್ಲ ತಾನೆ?" ಎಂದು ಮೆಲ್ಲಗೆ ಕೇಳಿದ. ಕೇಳಿದ ಮೇಲೆ ಅವನಿಗೇ ನಾಚಿಕೆಯಾಗಿರಬೇಕು. "ಅಲ್ಲ, ನಾನು ಜೊತೆಗೆ ಬರಲಾ?" ಎಂದ.

"ಬೇಡ. ನೀವು ಊಟ ಮಾಡಿ."

ಬಾಗಿಲು ತೆರೆದ ಮಾಸ್ತರರ ಹೆಂಡತಿ ಅವಳನ್ನು ಕಂಡು, "ಮಷೀನು ವಾಪಸ್ಸು ತಂದೆಯಾ?" ಎಂದರು. "ಕೆಟ್ಟದ್ದು ಅಂತ ಗೊತ್ತಿದ್ದೇ ತಗೊಂಡೆಯಲ್ಲ ತಾಯಿ."

"ಇಲ್ಲ ಅಮ್ಮಾ. ಮಷೀನು ಚೆನ್ನಾಗಿದೆ. ಅವತ್ತೂ ಚೆನ್ನಾಗಿತ್ತು. ನೀವು ನೀರು ತರೋಕೆ ಹೋದಾಗ ಸೂಜಿ ತಿರುಗಿಸಿಬಿಟ್ಟೆ. ಬೆಲೆ ಇಳಿಸೋಕೆ."

ಆಕೆ ಅವಳ ಮುಖವನ್ನೇ ನೋಡಿದರು. ಆಮೇಲೆ ಅವಳು ನೆನೆಸಿರದ ಒಂದು ಕೆಲಸ ಮಾಡಿದರು. ಅವಳ ತೋಳು ಸವರಿ, "ನಾನು ನಿಲ್ದಾಣಕ್ಕೆ ಹೋದದ್ದನ್ನ ನಿನ್ನ ಗಂಡ ಹೇಳಿರಬೇಕು. ನನಗೆ ಸಮಾಧಾನ ಆಗಲಿ ಅಂತ ಕತೆ ಕಟ್ಟಿಕೊಂಡು ಬಂದಿದ್ದೀಯ. ಒಳ್ಳೆ ಮನಸ್ಸು ನಿನ್ನದು" ಎಂದರು.

ಬೈದಿದ್ದರೆ ತಡೆದುಕೊಳ್ಳಬಹುದಾಗಿತ್ತು. ಒಳ್ಳೆಯ ಮನಸ್ಸು ಎಂಬ ಮಾತು ಕೆನ್ನೆಗೆ ಹೊಡೆದ ಹಾಗೆ ಬಿತ್ತು. ಚೀಲದಕ್ಕ ಆಣೆ ಮಾಡಿದಳು, ಅತ್ತಳು. ಆಕೆ ತಲೆಯಾಡಿಸುತ್ತಲೇ ಇದ್ದರು. ಕಡೆಗೆ, "ನನ್ನ ಮನೆಗೆ ಬನ್ನಿ ಅಮ್ಮಾ. ನಿಮ್ಮ ಕಣ್ಣಾರೆ ನೋಡಿ" ಎಂದು ಬೇಡಿಕೊಂಡಳು. ತನ್ನ ಕೆಟ್ಟತನವನ್ನು ಸಾಬೀತು ಮಾಡಲು ಒಬ್ಬರನ್ನು ಇಷ್ಟು ಬೇಡಬೇಕಾದೀತೆಂದು ಅವಳು ಎಣಿಸಿರಲಿಲ್ಲ.

ಮುಂದಿನ ಕೋಣೆಯಲ್ಲಿ ಮಷೀನಿನ ಮುಂದೆ ಆಕೆಯನ್ನು ನಿಲ್ಲಿಸಿಕೊಂಡು ಹೊಲಿದಳು. ಟಾರ್ಪಾಲಿನ ಮಡಿಕೆಯ ಮೇಲೆ ಮುತ್ತು ಜೋಡಿಸಿದಂಥ ಹೊಲಿಗೆ. ಆಕೆ ಎಳೆದು ನೋಡಿದರು, ಬರಲಿಲ್ಲ. ಚೀಲದಕ್ಕ ಸ್ಕ್ರೂ ಸಡಿಲಿಸಿ, ಆಕೆ ನೋಡುತ್ತಿರುವಂತೆಯೇ ಸೂಜಿ ತಿರುಗಿಸಿದಳು. ಹೊಲಿಗೆ ಬಿಟ್ಟಿತು. ಮತ್ತೆ ನೇರ ಮಾಡಿದಳು. ಕೂತಿತು.

ಮೊದಲು ಆಕೆಯ ಮುಖ ಅರಳಿದ ಹಾಗೆ ಕಂಡಿತು, "ಬಿಡಲ್ಲ ಅಂತ ಹೇಳಿದ್ರು. ಅಷ್ಟು ಸಲ ಹೇಳಿದ್ರು" ಎಂದರು. ಆಮೇಲೆ ಚೀಲದಕ್ಕನ ಕಡೆ ತಿರುಗಿದಾಗ ಆ ಮುಖದಲ್ಲಿ ಏನೂ ಉಳಿದಿರಲಿಲ್ಲ.

"ಅವತ್ತು ನಾನು ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿದೆ. ನೀನು ಕೇಳಿಸಿಕೊಂಡೆ."

"ಹೂಂ ಅಮ್ಮಾ."

"ಕೇಳಿಸಿಕೊಂಡೂ ಮಷೀನು ಹೊತ್ತುಕೊಂಡು ಹೋದೆ."

ಚೀಲದಕ್ಕ ಬೆಲೆಯ ಉಳಿದ ಅರ್ಧ ಹಣದ ಕವರನ್ನು ಮುಂದೆ ಚಾಚಿದಳು. ಆಕೆ ಅದನ್ನು ತೆಗೆದುಕೊಂಡು, ಎಣಿಸದೆ ಸೊಂಟಕ್ಕೆ ಸಿಕ್ಕಿಸಿಕೊಂಡರು. "ಇದು ವ್ಯಾಪಾರದ್ದು, ಮುಗೀತು. ಈಗ ನಡಿ. ನಾನು ಎಲ್ಲಿ ನಿಂತು ತಲೆ ತಗ್ಗಿಸಿದೆನೋ ಅಲ್ಲೇ ಬಂದು ಹೇಳು."

ನಿಲ್ದಾಣದಲ್ಲಿ ಲಾರಿಗಳು ತುಂಬುವ ಹೊತ್ತು. ಗಂಡನೂ ಅಲ್ಲಿದ್ದ. ಅವರಿಬ್ಬರು ಬರುವುದನ್ನು ಕಂಡು ಹಗ್ಗ ಬಿಗಿಯುತ್ತಿದ್ದವನು ಕೈ ನಿಲ್ಲಿಸಿದ. ಅವನ ಟಾರ್ಪಾಲಿನ ಹೊಲಿಗೆಯನ್ನು ಮುಟ್ಟಿ ನೋಡಿದವರು, ಅವನು ಹೆಂಡತಿಯ ಜಾಣತನವನ್ನು ಬಣ್ಣಿಸಿದಾಗ ಕೇಳಿದವರು, ಎಲ್ಲರೂ ಅಲ್ಲೇ ಇದ್ದರು. ಗೇಟಿನ ಪಕ್ಕ ಕುರ್ಚಿಯಲ್ಲಿ ಕೂತಿದ್ದ ಕಾವಲಣ್ಣ ಹಿರಿಯರನ್ನು ಕಂಡು ಏಳಲು ಹೋದ.

"ಕೂತ್ಕೋಪ್ಪ. ಇವಳು ಏನೋ ಹೇಳ್ತಾಳೆ, ಕೇಳು" ಎಂದರು ಆಕೆ.

ಚೀಲದಕ್ಕ ಹೇಳಿದಳು. ಮೊದಲ ಸಲ ದನಿ ಹೊರಡಲಿಲ್ಲ. "ಜೋರಾಗಿ" ಎಂದರು ಆಕೆ. ಅವಳು ಮತ್ತೆ ಹೇಳಿದಳು. ಲಾರಿಯ ಮೇಲೆ ಮೂಟೆ ಜೋಡಿಸುತ್ತಿದ್ದವರೂ ನಿಂತು ಕೇಳಿದರು. ಕುತ್ತಿಗೆಯಿಂದ ಕಿವಿಯವರೆಗೆ ಉರಿ ಏರಿತು. ಗಂಡನ ಕಡೆ ನೋಡುವ ಧೈರ್ಯ ಬರಲಿಲ್ಲ.

ಬಿಳಿ ಕೂದಲು ಬರತೊಡಗಿದ್ದ ಕಾವಲಣ್ಣ ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡಿದ್ದ.

"ಹಾಗಾದ್ರೆ ಡೇರೆ ಬಿದ್ದದ್ದು ಯಾಕೆ?" ಎಂದು ಕೇಳಿದ.

"ನನಗೆ ಗೊತ್ತಿಲ್ಲ ಅಣ್ಣಾ. ಮಷೀನು ಸರಿಯಾಗಿದೆ ಅನ್ನೋದಷ್ಟೇ ಗೊತ್ತು."

"ಹಗ್ಗ ಕಟ್ಟಿದವನೂ ನಾನೇ" ಎಂದ ಅವನು. "ಸರಿಯಾಗೇ ಕಟ್ಟಿದ್ದೆ ಅಂತ ಅನ್ನಿಸುತ್ತೆ. ಖಚಿತವಾಗಿ ಹೇಳೋಕಾಗಲ್ಲ, ಹದಿನಾರು ವಯಸ್ಸು ನನಗೆ. ಈ ಅಮ್ಮ ಬಂದು ತಪ್ಪು ನಮ್ಮದು ಅಂದ ದಿನ ನೆಮ್ಮದಿಯಾಗಿ ಮಲಗಿದ್ದೆ." ಸ್ವಲ್ಪ ತಡೆದು, "ಅದನ್ನೂ ನೀವು ತಗೊಂಡ್ರಿ" ಎಂದ. ಕೋಪವಿರಲಿಲ್ಲ ಅವನ ಮಾತಿನಲ್ಲಿ. ಇದ್ದದ್ದನ್ನು ಹೇಳಿದ ಹಾಗಿತ್ತು.

ಚೀಲದಕ್ಕ ಸುಳ್ಳು ಹೇಳಿ ಒಬ್ಬರನ್ನು ನೋಯಿಸಿದ್ದಳು, ನಿಜ ಹೇಳಿ ಇನ್ನೊಬ್ಬರನ್ನು ನೋಯಿಸಿದಳು. ಎರಡೂ ಅವಳ ಕೈಯಿಂದಲೇ ಆಗಿತ್ತು. ಮಾಸ್ತರರ ಹೆಂಡತಿ ಅವನ ಹತ್ತಿರ ಹೋಗಿ ಭುಜದ ಮೇಲೆ ಕೈ ಇಟ್ಟರು. "ಹುಡುಗ ನೀನು ಆಗ. ಅಂಥ ಗಾಳಿಗೆ ಮರಗಳೇ ಬಿದ್ದಿದ್ದವು. ನಾನು ನಿನ್ನ ತಾಯಿಗೆ ಅಂದದ್ದು ತಪ್ಪೇ. ಅದಕ್ಕೆ ಕೇಳಿದ ಕ್ಷಮೆಯನ್ನ ನಾನು ವಾಪಸ್ಸು ತಗೊಳ್ಳೋದಿಲ್ಲ" ಎಂದರು. ಅವನು ತಲೆಯಾಡಿಸಿದ. ಇಬ್ಬರೂ ಅವಳಿರುವುದನ್ನು ಮರೆತವರಂತೆ ಮೆಲುದನಿಯಲ್ಲಿ ಮಾತಾಡತೊಡಗಿದರು.

ಹಿಂತಿರುಗುವಾಗ ಆಕೆ ಮುಂದೆ, ಚೀಲದಕ್ಕ ನಾಲ್ಕು ಹೆಜ್ಜೆ ಹಿಂದೆ ನಡೆದರು. ಬೀದಿ ಎರಡಾಗುವಲ್ಲಿ ಆಕೆ ನಿಂತರು, ತಿರುಗಿ ನೋಡದೆಯೇ ಹೇಳಿದರು.

"ಆ ಮಷೀನಿನ ಸೂಜಿಗಳ ಡಬ್ಬಿ ನನ್ನ ಹತ್ರ ಉಳಿದಿದೆ. ಈಗ ಅಂಥವು ಸಿಗಲ್ಲ. ನಾಳೆ ಬಂದು ತಗೊಂಡು ಹೋಗು."

"ಅಮ್ಮಾ..."

"ಬಾಗಿಲ ಹೊರಗೆ ಇಟ್ಟಿರ್ತೀನಿ. ಕರೆಯೋದು ಬೇಡ."

ಮಾರನೆಯ ದಿನ ಹೋದಾಗ ಮೆಟ್ಟಿಲ ಮೇಲೆ ತಗಡಿನ ಡಬ್ಬಿಯಿತ್ತು, ಮುಚ್ಚಳ ಏಳದಿರಲೆಂದು ಮೇಲೊಂದು ಕಲ್ಲು. ಒಳಗೆ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಚೀಲದಕ್ಕ ಚಪ್ಪಲಿ ಸದ್ದಾಗದಂತೆ ಹತ್ತಿ ಡಬ್ಬಿ ಎತ್ತಿಕೊಂಡಳು. ಒಳಗಿನ ಸದ್ದು ಒಂದು ಕ್ಷಣ ನಿಂತಿತು. ಅವಳು ಕಾದಳು. ಮತ್ತೆ ನೀರು ಬಿಟ್ಟ ಸದ್ದು ಬಂತು. ಅವಳು ಕಲ್ಲನ್ನು ಗೋಡೆಯ ಬುಡಕ್ಕೆ ಸರಿಸಿಟ್ಟು ಮನೆಯ ದಾರಿ ಹಿಡಿದಳು. ಅಂಗಡಿಯವರ ಮರೆಬಟ್ಟೆ ಸಂಜೆಯೊಳಗೆ ಮುಗಿಯಬೇಕಿತ್ತು.